ಟಿಎಸ್‌ಎಚ್ 61 ಬಂದಿದೆ, ಡಾಕ್ಟರ್ ಥೈರಾಯ್ಡ್ ಕಡಿಮೆ ಅಂತಾರೆ. ಇದು ಹೇಗೆ?

ಮಾನ್ವಿ_ಬೀಜದಂಗಡಿ · ಮೇ 18

ನಮ್ಮದು ಮಾನ್ವಿ ಹತ್ತಿರದ ಹಳ್ಳಿ. ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಅವ್ವನ ವಿಷಯ ಕೇಳಬೇಕಿತ್ತು. ಅವಳಿಗೆ ಈಗ 58.

ಮೊನ್ನೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಬೈಕಿನ ಸೀಟು ಮುಟ್ಟಲಾಗದಷ್ಟು ಬಿಸಿಲು. ಒಳಗೆ ಅವ್ವ ಫ್ಯಾನ್ ಆರಿಸಿ, ಕೌದಿ ಹೊದ್ದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಜ್ವರ ಅಂದುಕೊಂಡು ಹಣೆ ಮುಟ್ಟಿದೆ. ತಣ್ಣಗಿತ್ತು. "ಚಳಿ ಆಗ್ತದಪಾ" ಅಂದಳು. ರಾಯಚೂರು ಜಿಲ್ಲೆಯಲ್ಲಿ, ಮೇ ತಿಂಗಳಲ್ಲಿ! ದನಿ ಒಡೆದ ಹಾಗಿತ್ತು. ಮುಖ ಊದಿತ್ತು. ಮೂರು ತಿಂಗಳಿಂದ ಕೂದಲು ಉದುರುತ್ತಿದೆ ಅಂತ ಪಕ್ಕದ ಮನೆಯವರು ಹೇಳಿದ ಯಾವುದೋ ಕೂದಲಿನ ಮಾತ್ರೆ ಬೇರೆ ತಗೊಳ್ತಿದ್ದಾಳೆ.

ಹಿಂದಿನ ಕಥೆ ಇಷ್ಟು. ಕಳೆದ ವರ್ಷ ಥೈರಾಯ್ಡ್ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 46 ಇತ್ತು. ಡಾಕ್ಟರ್ ಮಾತ್ರೆ ಕೊಟ್ಟರು, ಮೊದಲು 50, ಆಮೇಲೆ 75. ಅವ್ವ ಚೆನ್ನಾಗಿ ಆದಳು. ಡಿಸೆಂಬರ್‌ನಲ್ಲಿ ಮತ್ತೆ ಟೆಸ್ಟ್ ಮಾಡಿಸಿದಾಗ 3.1 ಬಂತು. ಲ್ಯಾಬ್‌ನಲ್ಲಿ "ನಾರ್ಮಲ್ ಇದೆ" ಅಂದರು. ಅವ್ವ ಅಂದಿನಿಂದ ಮಾತ್ರೆ ಬಿಟ್ಟಳು. ನನಗೂ ಹೇಳಲಿಲ್ಲ. ಎರಡು ತಿಂಗಳು ಏನೂ ಆಗಲಿಲ್ಲವಂತೆ, ಹಂಗಾಗಿ ವಾಸಿ ಆಯ್ತು ಅಂದುಕೊಂಡಳು. ಈಗ 61.

ನನ್ನ ತಲೆ ಕೆಟ್ಟಿರೋದು ಇಲ್ಲಿ. 61 ಅಂದ್ರೆ ಥೈರಾಯ್ಡ್ ಜಾಸ್ತಿ ಆಯ್ತು, ಅಲ್ವಾ? ಡಾಕ್ಟರ್ ಕಡಿಮೆ ಅಂದರು. ಆಮೇಲೆ ಥೈರಾಯ್ಡ್‌ದೇ ಮಾತ್ರೆ ಬರೆದರು. ಜಾಸ್ತಿ ಇರುವುದಕ್ಕೆ ಇನ್ನೂ ಜಾಸ್ತಿ ಹಾಕಿದರೆ ಹೇಗೆ? ಹೊರಗೆ ಐವತ್ತು ಜನ ಕಾಯುತ್ತಿದ್ದರು, ಕೇಳಲು ಆಗಲಿಲ್ಲ. ಇನ್ನೊಂದು, ಜೀವನಪೂರ್ತಿ ತಗೊಂಡರೆ ಕಿಡ್ನಿ ಹೋಗುತ್ತೆ ಅಂತ ಊರಲ್ಲಿ ಹೇಳಿ ಅವ್ವನನ್ನು ಹೆದರಿಸಿದ್ದಾರೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಗಂಗಾವತಿ_ಲ್ಯಾಬ್_ಅಕ್ಕ · ಮೇ 18

ತಮ್ಮಾ, ನಾನು ಗಂಗಾವತಿಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಹತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಅವ್ವನಿಗೂ ಓದಿ ಹೇಳಿ.

ಮೊದಲ ಮಾತು. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಮೂಗಿನ ಮೇಲ್ತುದಿಯ ಹಿಂದೆ, ತಲೆಯ ಒಳಗೆ, ಬಟಾಣಿ ಕಾಳಿನಷ್ಟು ಇರುತ್ತದೆ. ತೂಕ ಅರ್ಧ ಗ್ರಾಂ ಆಸುಪಾಸು. ಥೈರಾಯ್ಡ್ ಇರುವುದು ಕುತ್ತಿಗೆಯಲ್ಲಿ, ಗಂಟಲಮಣಿಯ ಕೆಳಗೆ. ಪಾತರಗಿತ್ತಿ ರೆಕ್ಕೆ ಬಿಚ್ಚಿ ಕೂತ ಹಾಗೆ. ಇದು ಮಾಡುವ ಹಾರ್ಮೋನ್ ಟಿ4 ಮತ್ತು ಸ್ವಲ್ಪ ಟಿ3. ಬೆವರಿನ ಗ್ರಂಥಿಗೆ ಒಂದು ಸಣ್ಣ ನಾಳ ಇರುತ್ತದೆ, ಬೆವರು ಅಲ್ಲಿಂದ ಚರ್ಮಕ್ಕೆ ಬರುತ್ತದೆ. ಥೈರಾಯ್ಡ್‌ಗೆ, ಪಿಟ್ಯುಟರಿಗೆ ಅಂಥ ನಾಳ ಇಲ್ಲ. ಮಾಡಿದ್ದನ್ನು ನೇರ ರಕ್ತಕ್ಕೆ ಬಿಡುತ್ತವೆ. ಅದಕ್ಕೇ ನಾವು ತೋಳಿನಿಂದ ತೆಗೆದ ರಕ್ತದಲ್ಲಿ ಕುತ್ತಿಗೆಯ ಸುದ್ದಿ, ತಲೆಯ ಸುದ್ದಿ ಎರಡೂ ಸಿಗುತ್ತದೆ.

ನೀವು ಮಾನ್ವಿಯವರು, ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತೇ ಇದೆ. ಡ್ಯಾಮ್ ಎಲ್ಲೋ ಇದೆ, ನಿಮ್ಮ ಗದ್ದೆ ಎಲ್ಲೋ ಇದೆ. ನೀರು ಬರುತ್ತಿದೆಯಾ ಅಂತ ತಿಳಿಯುವುದು ಹೇಗೆ? ಕಾಲುವೆಯ ಕೊನೆ ಭಾಗದಲ್ಲಿ ಗೇಜ್, ಅಂದರೆ ನೀರಿನ ಮಟ್ಟದ ಅಳತೆ, ನೋಡುತ್ತಾರೆ. 104ನೇ ಮೈಲಿನಲ್ಲಿ ಗೇಜ್ ಇಳಿದರೆ ರೈತರ ಫೋನ್ ಶುರು. ನೀರು ಬಿಡಿ, ನೀರು ಬಿಡಿ. ಗೇಜ್ ಏರಿದರೆ ಫೋನ್ ನಿಲ್ಲುತ್ತದೆ.

ಮೈಯಲ್ಲೂ ಹಾಗೇ ನೋಡಿ. ರಕ್ತದಲ್ಲಿರುವ ಟಿ4 ನಿಮ್ಮ ಕಾಲುವೆ ನೀರು. ಪಿಟ್ಯುಟರಿ ಗೇಜ್ ನೋಡುವವನು. ಟಿಎಸ್‌ಎಚ್ ಅವನು ಮಾಡುವ ಫೋನ್. ಥೈರಾಯ್ಡ್ ಗೇಟು. ಅವ್ವನ ಗೇಟು ಜಾಮ್ ಆಗಿದೆ. ನೀರು ಬರುತ್ತಿಲ್ಲ, ಅದಕ್ಕೇ ಫೋನ್ ಮೇಲೆ ಫೋನ್. 61 ಅಂದರೆ ಆ ಫೋನಿನ ಲೆಕ್ಕ, ನೀರಿನ ಲೆಕ್ಕ ಅಲ್ಲ. ಸಾಮಾನ್ಯವಾಗಿ ಇದು 0.4ರಿಂದ 4ರ ಸುತ್ತ ಇರಬೇಕು. ಟಿ4 ಸ್ವಲ್ಪ ಇಳಿದರೂ ಪಿಟ್ಯುಟರಿ ಜೋರಾಗಿ ಕೂಗುತ್ತದೆ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟು ಏರಬಹುದು. ಅದಕ್ಕೇ ಡಾಕ್ಟರ್‌ಗಳು ಮೊದಲು ಇದನ್ನೇ ನೋಡುವುದು, ಸಣ್ಣ ಕೊರತೆಯನ್ನೂ ಇದು ಬೇಗ ತೋರಿಸುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ಪಕ್ಕದಲ್ಲೇ ಟಿ4 ಇರುತ್ತದೆ, ನೋಡಿ. ಖಂಡಿತ ಕೆಳಗೆ ಬಿದ್ದಿರುತ್ತದೆ.

ಈಗ ಡಿಸೆಂಬರ್‌ನ 3.1 ತಗೊಳ್ಳಿ. ಗೇಟು ರಿಪೇರಿ ಆಗಿರಲಿಲ್ಲ. ಮಾತ್ರೆಯಲ್ಲಿ ಟಿ4 ಇರುತ್ತದೆ, ದಿನಾ ಅಷ್ಟು ನೀರು ಹೊರಗಿನಿಂದ ಕಾಲುವೆಗೆ ಸುರಿದ ಹಾಗೆ. ಗೇಜ್ ಏರಿತು, ಫೋನ್ ನಿಂತಿತು. ಸುರಿಯುವುದು ನಿಲ್ಲಿಸಿದರೆ?

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ತಾಯಿ ರಿಪೋರ್ಟ್ ತಗೊಳ್ಳಲು ಬಂದಿದ್ದರು. ಭತ್ತದ ನಾಟಿಗೆ ಹೋಗುವವರು. ಕವರ್ ಕೈಗಿಟ್ಟು "ನಾರ್ಮಲ್ ಇದೆ ಅಮ್ಮಾ, ಏನೂ ಇಲ್ಲ" ಅಂದೆ. ಅವರ ಮುಖ ಅರಳಿತು. ಏಳು ತಿಂಗಳ ಮೇಲೆ ಮಗಳ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಕಣ್ಣಿನ ಸುತ್ತ ಊದಿತ್ತು. ಒಂದು ಮಾತು ಹೇಳಲು ಅಷ್ಟು ಹೊತ್ತು. ನಾಡಿ ಹಿಡಿದರೆ 48. "ನೀವೇ ಏನೂ ಇಲ್ಲ ಅಂದ್ರಲ್ಲವ್ವಾ, ಅದಕ್ಕೆ ಗುಳಿಗಿ ಬಿಟ್ಟೆ" ಅಂದರು. ಬೈಯಲಿಲ್ಲ, ದೂರಲಿಲ್ಲ, ಸುಮ್ನೆ ಹಾಗೆ ಹೇಳಿದರು. ಅವತ್ತು ಸೂಜಿ ಹಿಡಿದ ಕೈ ನಡುಗಿತು. ಅವತ್ತಿನಿಂದ ಥೈರಾಯ್ಡ್ ರಿಪೋರ್ಟ್ ಕೊಡುವಾಗ ಬರೀ ನಾರ್ಮಲ್ ಅನ್ನುವುದಿಲ್ಲ. "ಮಾತ್ರೆಯಿಂದ ನಾರ್ಮಲ್ ಇದೆ" ಅನ್ನುತ್ತೇನೆ. ಒಂದೇ ಪದ ಜಾಸ್ತಿ. ನಿಮ್ಮ ಅವ್ವನಿಗೆ ಡಿಸೆಂಬರ್‌ನಲ್ಲಿ ಆ ಒಂದು ಪದ ಯಾರೂ ಹೇಳಲಿಲ್ಲ ಅಂತ ಓದಿ ಸಂಕಟ ಆಯ್ತು.

ಬಿಟ್ಟ ಮೇಲೆ ಎರಡು ತಿಂಗಳು ಏನೂ ಆಗಲಿಲ್ಲ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಟಿ4 ರಕ್ತದಲ್ಲಿ ಬಹಳ ನಿಧಾನಕ್ಕೆ ಖರ್ಚಾಗುತ್ತದೆ. ಅರ್ಧ ಆಗಲು ಸುಮಾರು 7 ದಿನ ಬೇಕು. ಮತ್ತೆ ಅದರ ಅರ್ಧಕ್ಕೆ ಇನ್ನೊಂದು 7 ದಿನ. ಖಾಲಿಯಾದ ಮೇಲೂ ಮೈ ಒಂದೇ ದಿನಕ್ಕೆ ಕುಸಿಯುವುದಿಲ್ಲ. ಸುಸ್ತು, ಮಲಬದ್ಧತೆ, ಚರ್ಮ ಒಣಗುವುದು, ಮರೆವು ಒಂದೊಂದಾಗಿ ಬರುತ್ತವೆ. ವಯಸ್ಸಾಯ್ತು, ಅದಕ್ಕೇ ಹೀಗೆ ಅಂದುಕೊಂಡು ಬಿಡುತ್ತಾರೆ. ಹೊಸ ಡೋಸ್ ಶುರು ಮಾಡಿದ ಮೇಲೂ ಇದೇ ಲೆಕ್ಕ. ಹದಿನೈದು ದಿನಕ್ಕೇ ಟೆಸ್ಟ್ ಮಾಡಿಸಿದರೆ ಸರಿಯಾದ ನಂಬರ್ ಸಿಗಲ್ಲ. 6ರಿಂದ 8 ವಾರ ಬಿಡಬೇಕು.

ಚಳಿ ಯಾಕೆ ಅಂದರೆ, ಟಿ4ನಲ್ಲಿ ನಾಲ್ಕು ಅಯೋಡಿನ್ ಪರಮಾಣು ಇರುತ್ತವೆ. ಲಿವರ್, ಕಿಡ್ನಿ ಮುಂತಾದ ಕಡೆ ಅದರಿಂದ ಒಂದನ್ನು ಕಿತ್ತು ಟಿ3 ಮಾಡಿಕೊಳ್ಳುತ್ತದೆ ಮೈ. ನಿಜವಾದ ಕೆಲಸ ಮಾಡುವುದು ಈ ಟಿ3. ಪ್ರತಿ ಜೀವಕೋಶದಲ್ಲೂ ಒಲೆಯ ಉರಿ ಎಷ್ಟಿರಬೇಕು ಅಂತ ಅದು ಹೇಳುತ್ತದೆ. ಅದು ಕಮ್ಮಿಯಾದರೆ ಎಲ್ಲ ಕಡೆ ಉರಿ ಸಣ್ಣದು. ಹೃದಯ ನಿಧಾನ, ಕರುಳು ನಿಧಾನ, ಮೈಯಲ್ಲಿ ಶಾಖ ಹುಟ್ಟುವುದೂ ಕಡಿಮೆ. ಹೊರಗೆ ಎಷ್ಟೇ ಸುಡಲಿ, ಅವ್ವನಿಗೆ ಕೌದಿ ಬೇಕು. ಅವರು ಸೋಮಾರಿಯಾಗಿ ಮಲಗಿದ್ದಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಅಂದಿದ್ದರೆ ಈ ಸಾಲು ಅವರಿಗೆ ಓದಿ ಹೇಳಿ.

ಮತ್ತೆ ಆ ಕೂದಲಿನ ಮಾತ್ರೆ. ಸ್ಟ್ರಿಪ್ ಹಿಂದೆ ಬಯೋಟಿನ್ ಅನ್ನುವ ವಿಟಮಿನ್ ಹೆಸರು ಇದೆಯಾ ನೋಡಿ. ಅದು ಥೈರಾಯ್ಡ್ ಕೆಡಿಸುವುದಿಲ್ಲ, ಆದರೆ ಹಲವು ಮಷೀನುಗಳಲ್ಲಿ ಟೆಸ್ಟ್ ಕೆಡಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಂದಿನ ಸಲ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ. ಅವ್ವನ ಕೂದಲು ಉದುರುತ್ತಿರುವುದು ಬಹುಶಃ ಥೈರಾಯ್ಡ್‌ನಿಂದಲೇ. ಅದು ಸರಿಹೋದರೆ ಇದೂ ನಿಲ್ಲುತ್ತದೆ, ಸ್ವಲ್ಪ ತಿಂಗಳು ಹಿಡಿಯುತ್ತದೆ.


ಕೊಪ್ಪಳ_ಬಸ್‌ಸ್ಟ್ಯಾಂಡ್ · ಮೇ 19

ಅಕ್ಕ ಹೇಳಿದ ಲೆಕ್ಕ ನನ್ನ ಮೈಯಲ್ಲಿ ಉಲ್ಟಾ ಆಗಿತ್ತು. ಎರಡು ವರ್ಷದ ಹಿಂದೆ ನಾಲ್ಕು ತಿಂಗಳಲ್ಲಿ 9 ಕೆ.ಜಿ. ಇಳಿದೆ. ಎರಡು ಪ್ಲೇಟ್ ಒಗ್ಗರಣಿ ಮಿರ್ಚಿ ತಿಂದರೂ ಹಸಿವು. ಚಹಾದ ಗ್ಲಾಸ್ ಹಿಡಿದರೆ ಕೈ ನಡುಗಿ ಚೆಲ್ಲುತ್ತಿತ್ತು. ಸುಮ್ನೆ ಕೂತಾಗಲೂ ಎದೆ ಡವಡವ. ಟಿಎಸ್‌ಎಚ್ 0.01 ಬಂತು. ನನಗೂ ಇದೇ ಗೊಂದಲ, ಇಷ್ಟು ಕಮ್ಮಿ ಇದೆ ಅಂದ್ರೆ ಥೈರಾಯ್ಡ್ ಕಮ್ಮಿ ಅಂತ ಮನೆಯವರೆಲ್ಲ ತಿಳಿದಿದ್ದರು.

ಅಕ್ಕ, ನನ್ನದಕ್ಕೆ ಕಾಲುವೆ ಲೆಕ್ಕ ಹೇಗೆ?


ಗಂಗಾವತಿ_ಲ್ಯಾಬ್_ಅಕ್ಕ · ಮೇ 19

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯ್ತಲ್ಲ, ನೆನಪಿದೆಯಾ? ಯಾರೂ ಕೇಳಲಿಲ್ಲ, ನೀರು ಮಾತ್ರ ಹೋಗುತ್ತಲೇ ಇತ್ತು. ನಿಮ್ಮದು ಹಾಗೆ. ನೀರು ತುಂಬಿ ಹರಿಯುವಾಗ ಯಾರು ಫೋನ್ ಮಾಡುತ್ತಾರೆ? ಪಿಟ್ಯುಟರಿ ಸುಮ್ಮನಾಗುತ್ತದೆ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಬರುತ್ತದೆ.

ಡಾಕ್ಟರ್ ನಿಮಗೆ ಗ್ರೇವ್ಸ್ ಅಂತ ಹೇಳಿರಬಹುದು. ಅದರಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ಪ್ರತಿಕಾಯಗಳು ಥೈರಾಯ್ಡ್ ಮೇಲೆ ಕೂತು, ಟಿಎಸ್‌ಎಚ್ ಥರ ನಟಿಸಿ, "ಬಿಡು ಬಿಡು" ಅನ್ನುತ್ತಿರುತ್ತವೆ. ಮಾನ್ವಿ ಅವ್ವನ ವಯಸ್ಸಿನವರಲ್ಲಿ ಜಾಸ್ತಿ ನೋಡುವುದು ಹಾಶಿಮೋಟೊ. ಅಲ್ಲೂ ನಮ್ಮದೇ ಸೈನ್ಯ, ಆದರೆ ಅದು ಗ್ರಂಥಿಯನ್ನೇ ನಿಧಾನಕ್ಕೆ ತಿಂದುಹಾಕುತ್ತದೆ. 1912ರಲ್ಲಿ ಆ ಹೆಸರಿನ ಜಪಾನಿ ಡಾಕ್ಟರ್ ಮೊದಲು ವಿವರಿಸಿದರು. ತಿಂದುಹೋದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಮಾತ್ರೆ ಬಿಡಬಾರದು ಅನ್ನುವುದು.


ಬಳ್ಳಾರಿ_ಮೆಡಿಕಲ್ · ಮೇ 19

ಬಳ್ಳಾರಿಯಲ್ಲಿ ಮೆಡಿಕಲ್ ಶಾಪ್ ಇದೆ ನಮ್ಮದು. ಕೌಂಟರಿನಲ್ಲಿ ನಿಂತು ನೋಡಿದ್ದು ಹೇಳುತ್ತೇನೆ.

ಹತ್ತರಲ್ಲಿ ಆರು ಜನ ಥೈರಾಯ್ಡ್ ಮಾತ್ರೆ ಚಹಾ ಜೊತೆ ನುಂಗುತ್ತಾರೆ. ಬೇಡ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ಚಹಾ, ಕಾಫಿ, ಹಾಲು, ತಿಂಡಿ ಏನೂ ಬೇಡ. ಕ್ಯಾಲ್ಸಿಯಂ ಮಾತ್ರೆ, ರಕ್ತ ಹೆಚ್ಚಾಗಲು ಕೊಡುವ ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಹೊಟ್ಟೆಯಲ್ಲೇ ಅವು ಇದನ್ನು ಹಿಡಿದುಕೊಂಡು ಬಿಡುತ್ತವೆ. ರಕ್ತಕ್ಕೆ ಹೋಗುವುದೇ ಇಲ್ಲ. 58 ವರ್ಷದ ಹೆಂಗಸರಿಗೆ ಕ್ಯಾಲ್ಸಿಯಂ ಬಹಳ ಕಡೆ ಕೊಟ್ಟಿರುತ್ತಾರೆ, ಒಮ್ಮೆ ನೋಡಿ.

ಬಾಟಲಿ ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬೇಡಿ. ನಮ್ಮ ಬೇಸಿಗೆಗೆ, ಅದರ ಮೇಲೆ ಒಲೆಯ ಹಬೆಗೆ ಈ ಮಾತ್ರೆ ಶಕ್ತಿ ಕಳೆದುಕೊಳ್ಳುತ್ತದೆ. ಮನೆಯಲ್ಲಿ ತಂಪಾಗಿರುವ, ಬಿಸಿಲು ಬೀಳದ ಕಡೆ, ಮುಚ್ಚಳ ಬಿಗಿ ಮಾಡಿ ಇಡಿ. ಕಂಪನಿ ಬದಲಾಯಿಸುವುದಾದರೆ ಡಾಕ್ಟರ್‌ಗೆ ಹೇಳಿ ಬದಲಾಯಿಸಿ.


ಮಾನ್ವಿ_ಬೀಜದಂಗಡಿ · ಮೇ 20

ಅಕ್ಕ, ನಿನ್ನೆ ರಾತ್ರಿ ಅವ್ವನನ್ನು ಕೂರಿಸಿಕೊಂಡು ನೀವು ಬರೆದದ್ದು ಎರಡು ಸಲ ಓದಿದೆ. ಗೇಜ್ ಮಾತು ಬಂದ ಕೂಡಲೇ ತಲೆ ಆಡಿಸಿದಳು. ನಾವು ಕೊನೆ ಭಾಗದವರು, ಬಿಡಿಸಿ ಹೇಳಬೇಕಾಗಲಿಲ್ಲ. ಸೋಮಾರಿ ಅಲ್ಲ ಅನ್ನುವ ಸಾಲಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದವನು ನಾನೇ ಅಕ್ಕ. ಮಾರ್ಚ್‌ನಲ್ಲಿ ಒಂದು ದಿನ ಅಂದಿದ್ದೆ.

ಬಳ್ಳಾರಿ ಅಣ್ಣ ಹೇಳಿದ ಹಾಗೆ ನೋಡಿದೆ. ಕ್ಯಾಲ್ಸಿಯಂ ಇದೆ. ಕಳೆದ ವರ್ಷ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದಳಂತೆ. ಈಗ ಅದನ್ನು ರಾತ್ರಿ ಊಟದ ಮೇಲೆ ಇಟ್ಟಿದ್ದೇವೆ.

ಆದರೆ ಕಿಡ್ನಿ ಭಯ ಹೋಗಿಲ್ಲ. "ಇಂಗ್ಲಿಷ್ ಗುಳಿಗಿ ಎಷ್ಟು ವರ್ಷ ನುಂಗಲಿ" ಅಂತಾಳೆ. ಏನು ಹೇಳಲಿ?


ಗಂಗಾವತಿ_ಲ್ಯಾಬ್_ಅಕ್ಕ · ಮೇ 20

ಅವ್ವನಿಗೆ ಹೇಳಿ, ಇದು ಹೊರಗಿನ ವಸ್ತು ಅಲ್ಲ. ನಮ್ಮ ಥೈರಾಯ್ಡ್ ದಿನಾ ಮಾಡುವ ಟಿ4 ಮತ್ತು ಈ ಮಾತ್ರೆಯ ಟಿ4 ಒಂದೇ. ಮೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರಿಯಾದ ಡೋಸ್‌ನಲ್ಲಿ ಇದು ಕಿಡ್ನಿ ಕೆಡಿಸುವುದಿಲ್ಲ. ಮಾತ್ರೆ ಬಿಟ್ಟು ಥೈರಾಯ್ಡ್ ಕಡಿಮೆಯಾದರೇ ಕಿಡ್ನಿ ಕೆಲಸ ನಿಧಾನವಾಗುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ. ಕೆಡುವುದು ಜಾಸ್ತಿ ತಗೊಂಡರೆ, ಆಗ ಎದೆಬಡಿತ ಹೆಚ್ಚುತ್ತದೆ, ಮೂಳೆ ಸವೆಯುತ್ತದೆ. ಹಾಗಾಗಿ 61 ಇದೆ ಅಂತ ನೀವೇ ಎರಡು ಮಾತ್ರೆ ಕೊಡಬೇಡಿ. ಡಾಕ್ಟರ್ ಬರೆದಷ್ಟೇ.

ಎಷ್ಟು ಸಣ್ಣ ಪ್ರಮಾಣ ಅಂತ ತೋರಿಸಲು ಒಂದು ಕೆಲಸ ಮಾಡಿದೆ. ಮಧ್ಯಾಹ್ನ ಲ್ಯಾಬ್ ಖಾಲಿ ಇತ್ತು. ಡಬ್ಬಿಯಿಂದ ನಮ್ಮ ಗಂಗಾವತಿ ಸೋನಾ ಮಸೂರಿ 100 ಕಾಳು ಎಣಿಸಿ ತಕ್ಕಡಿಗೆ ಹಾಕಿದೆ. 1.1 ಗ್ರಾಂ ಬಂತು. ಅಂದರೆ ಒಂದು ಕಾಳು 11 ಮಿಲಿಗ್ರಾಂ. ಅವ್ವನ ಮಾತ್ರೆ 75 ಅಂದರೆ 75 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. 365 ದಿನ ಸೇರಿಸಿ, 27 ಮಿಲಿಗ್ರಾಂ ಚಿಲ್ಲರೆ. ಎರಡೂವರೆ ಕಾಳು ಅಕ್ಕಿ! ಇಡೀ ವರ್ಷ ಅವ್ವ ನುಂಗುವ ಹಾರ್ಮೋನ್ ಅಷ್ಟೇ. ಮಾತ್ರೆಯಲ್ಲಿ ಉಳಿದದ್ದು ಬರೀ ಭರ್ತಿ ಪುಡಿ, ಕೈಗೆ ಸಿಗಲಿ ಅಂತ. ಆ ಎರಡೂವರೆ ಕಾಳು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಇದಿದ್ದರೆ ಮನುಷ್ಯ ಎದ್ದು ಓಡಾಡುತ್ತಾನೆ, ಇಲ್ಲದಿದ್ದರೆ ಮೇ ತಿಂಗಳಲ್ಲಿ ಕೌದಿ.

ಮೊದಲು ಇಷ್ಟು ಸುಲಭ ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಅನ್ನುವ ಡಾಕ್ಟರ್ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಸಣ್ಣಗೆ ಹೆಚ್ಚಿ, ಸೋಸಿ, ಅದರ ರಸವನ್ನು ಚುಚ್ಚಿದರು. ಆ ಹೆಂಗಸಿಗೂ ಇದೇ ಕಾಯಿಲೆ, ಊದಿದ ಮುಖ, ನಿಧಾನದ ಮಾತು, ಚಳಿ. ಅವರು ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿ, 74ಕ್ಕೆ ತೀರಿಕೊಂಡರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ನಿಮ್ಮ ಕಡೆ ಕುರಿ ಹಿಂಡು ದಿನಾ ನೋಡುತ್ತೀರಿ, ಅವ್ವನಿಗೆ ಈ ಲೆಕ್ಕ ಹೇಳಿ. ಅವರಿಗೆ ಬೇಕಾದದ್ದು ಒಂದು ಬಾಟಲಿಯಲ್ಲಿ ಬರುತ್ತದೆ.


ಸಿರುಗುಪ್ಪ_ಸೊಸೆ · ಮೇ 22

ಅಕ್ಕ, ನನಗೂ ಥೈರಾಯ್ಡ್ ಕಡಿಮೆ ಇದೆ, 50 ತಗೊಳ್ತೀನಿ. ಈಗ ಎರಡು ತಿಂಗಳ ಬಸುರಿ. ಬಸುರಿದ್ದಾಗ ಮಾತ್ರೆ ಬೇಡ ಅಂತ ಅತ್ತೆ ಹೇಳ್ತಿದ್ದಾರೆ, ಮಗುವಿಗೆ ತೊಂದರೆ ಆಗುತ್ತೆ ಅಂತ. ಮತ್ತೆ ಎಲೆಕೋಸು ತಿನ್ನಬಾರದಾ?


ಗಂಗಾವತಿ_ಲ್ಯಾಬ್_ಅಕ್ಕ · ಮೇ 22

ಬಿಡಲೇಬೇಡಿ. ನಾಳೆಯೇ ಡಾಕ್ಟರ್ ಹತ್ತಿರ ಹೋಗಿ. ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಅದರ ಮೆದುಳು ಬೆಳೆಯಲು ನಿಮ್ಮ ರಕ್ತದ ಟಿ4 ಬೇಕು. ಅದಕ್ಕೇ ಬಸುರಿಯರಿಗೆ ಡೋಸ್ ಸಾಮಾನ್ಯವಾಗಿ ಹೆಚ್ಚಿಸುತ್ತಾರೆ, ಟೆಸ್ಟ್ ಕೂಡ ನಾಲ್ಕು ವಾರಕ್ಕೊಮ್ಮೆ ಮಾಡಿಸುತ್ತಾರೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ. ಅವರು ಮಗುವಿನ ಮೇಲಿನ ಪ್ರೀತಿಗೇ ಹೇಳುತ್ತಿದ್ದಾರೆ.

ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಲು ಕೇಳಿ. ಹುಟ್ಟಿನಿಂದಲೇ ಕೊರತೆ ಇದ್ದರೆ ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಗು ಸಾಮಾನ್ಯವಾಗಿ ಎಲ್ಲರ ಹಾಗೆ ಬೆಳೆಯುತ್ತದೆ. ಆ ಹನಿ ರಕ್ತವನ್ನು ಮಾತ್ರ ಬಿಡಬೇಡಿ.

ಬೇಯಿಸಿದ ಎಲೆಕೋಸು ಪಲ್ಯ ಆರಾಮಾಗಿ ತಿನ್ನಿ. ಉಪ್ಪು ಮಾತ್ರ ಅಯೋಡಿನ್ ಇರುವುದೇ ಇರಲಿ.


ಮಾನ್ವಿ_ಬೀಜದಂಗಡಿ · ಜುಲೈ 13

ಎಂಟು ವಾರ ಆಯ್ತು. ನಿನ್ನೆ ರಿಪೋರ್ಟ್ ಬಂತು. ಟಿಎಸ್‌ಎಚ್ 5.8. ಡಾಕ್ಟರ್ ಸದ್ಯಕ್ಕೆ ಇದೇ ಡೋಸ್ ಮುಂದುವರಿಸಿ, ಎರಡು ತಿಂಗಳು ಬಿಟ್ಟು ನೋಡೋಣ ಅಂದರು.

ಅವ್ವ ಐದೂವರೆಗೆ ಏಳುತ್ತಾಳೆ. ಮಾತ್ರೆ ನುಂಗಿ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಾಳೆ. ಅದು ಮುಗಿಯುವ ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಆಮೇಲೆ ಚಹಾ. ಗಡಿಯಾರ ನೋಡುವುದೇ ಬೇಕಿಲ್ಲ. ದನಿ ಮೊದಲಿನ ಹಾಗೆ ಆಗಿದೆ, ಬೀದಿ ಆ ತುದಿಯಿಂದ ನನ್ನನ್ನು ಕೂಗುತ್ತಾಳೆ. ಕೂದಲು ಇನ್ನೂ ಉದುರುತ್ತಿದೆ, ಮೊದಲಿನಷ್ಟಿಲ್ಲ.

ಬಾಟಲಿ ಮೇಲೆ ಒಂದು ಚೀಟಿ ಅಂಟಿಸಿ, ಪೆನ್ನಿನಿಂದ "ಮಾತ್ರೆಯಿಂದ ನಾರ್ಮಲ್" ಅಂತ ಬರೆದಿದ್ದೇನೆ ಅಕ್ಕ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಏನು ಬರೆದಿದೆ ಅಂತ ಗೊತ್ತು. ಕೌದಿ ಹೋದ ವಾರ ಒಗೆದು, ಒಣಗಿಸಿ, ಮಡಚಿ ಟ್ರಂಕಿನಲ್ಲಿ ಇಟ್ಟಳು.